ಸ್ಪ್ರೇ ಬಾಟಲಿಯ ಆಮ್ಲಜನಕ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಕಲ್ಲು ಅರೆದದ್ದೇ ಅರೆದದ್ದು. ಮೂಗಿನೊಳಗೆಲ್ಲ ಕಪ್ಪು ಪುಡಿ. ಮಧ್ಯಾಹ್ನ ಜಂಬದ ಕೋಳಿಯ ಸವಾರಿ ಬಂತು. ಲ್ಯಾಬಿನಲ್ಲಿ ಸರ್, ಮನೆಯಲ್ಲಿ ಭಾವ, ಈ ಪುಟಗಳಲ್ಲಿ ಮಾತ್ರ ತಕ್ಕ ಹೆಸರು. ಅವರ ಹಿಂದೆಯೇ ಮ್ಯೂಸಿಯಂ ಮೇಡಂ. ಹೊಸ ಹಾಲ್ ಕಟ್ಟಿಸುತ್ತಿದ್ದಾರೆ. ನಡುಗೋಡೆಗೆ ನಮ್ಮ ಕಲ್ಲು ಬೇಕಂತೆ.

ನಮ್ಮ ಕಲ್ಲು ಅಂದರೆ ಅಕ್ಕನ ಕಲ್ಲು. ಐವತ್ತೈದು ಕೋಟಿ ವರ್ಷದ ಹಿಂದೆ ಸಮುದ್ರದ ತಳದ ಕೆಸರಿನಲ್ಲಿ ಒಂದು ಹುಳ ತೆವಳಿತು. ಆ ಗೆರೆ ಹಾಗೇ ಕಲ್ಲಾಗಿ ಉಳಿಯಿತು. ಬೆರಳುದ್ದವೂ ಇಲ್ಲ. ಗುಡ್ಡದ ಬುಡದಲ್ಲಿ ಮಂಡಿಯೂರಿ ಅದನ್ನು ಕಂಡವಳು ಅಕ್ಕ. ಕಲ್ಲಿನ ಚೀಟಿಯ ಮೇಲಿನ ಹೆಸರು ಗಂಡನದ್ದು.

ಸವಾರಿ ಸ್ಪ್ರೇ ಬಾಟಲಿ ಕೈಗೆತ್ತಿಕೊಂಡಿತು. ಪುಸ್, ಪುಸ್. ಕಲ್ಲು ಒದ್ದೆಯಾದರೆ ಗೆರೆ ಎದ್ದು ಕಾಣುತ್ತದೆ — ನಮ್ಮ ಕಸುಬಿನವರಿಗೆಲ್ಲ ಇರುವ ಚಪಲ. ಆದರೆ ಬಂದವರಿಗೆಲ್ಲ ತೋರಿಸಲು ಕಲ್ಲಿಗೆ ಸ್ನಾನ ಮಾಡಿಸುವವರು ಇವರೊಬ್ಬರೇ.

"ನೋಡಿ ಮೇಡಂ, ಕೆಳಗಿನ ಪದರಗಳಲ್ಲಿ ಆಮ್ಲಜನಕವೇ ಇಲ್ಲ. ಈ ಪದರಕ್ಕೆ ಬಂದ ಕೂಡಲೇ ದಿಢೀರ್ ಅಂತ ಏರುತ್ತೆ. ಅದಕ್ಕೇ ಹುಳ ಬಂತು. ಜೀವಕ್ಕೆ ಇದು ಮೊದಲ ಉಸಿರು."

ಮೂಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಲ್ಲಿನ ಸ್ಲೈಡ್ ಉಜ್ಜುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು. "ಅದಕ್ಕೆ ಅಷ್ಟೊಂದು ಗಾಳಿ ಬೇಕಿರಲಿಲ್ಲ. ಸಣ್ಣ ಮೈ. ಚರ್ಮದಿಂದಲೇ ಉಸಿರಾಡಿಕೊಂಡು ಇತ್ತು."

"ಇವಳದ್ದು ಯಾವಾಗ್ಲೂ ಹೀಗೇ" ಎಂದು ಭಾವ ನಕ್ಕರು. ಮೇಡಂ ಕೂಡ ನಕ್ಕರು. ಅಕ್ಕ ಮತ್ತೆ ಉಜ್ಜತೊಡಗಿದಳು. ಮೂವರನ್ನೂ ಅರೆಯುವ ಮೆಷಿನ್ನಿಗೆ ಹಾಕಬೇಕು ಅನ್ನಿಸಿತು. ಹೌದು, ಅಕ್ಕನನ್ನೂ ಸೇರಿಸಿ.

ಭಾವ ಕಲ್ಲು ಎತ್ತಿ ತೋರಿಸುವ ಭರದಲ್ಲಿ ಅದರ ಮೂಲೆ ಮೇಜಿಗೆ ತಗುಲಿ ಒಂದು ತುಂಡು ಮುರಿದು ಬಿತ್ತು. "ಇದನ್ನ ಬಿಸಾಡಮ್ಮಾ" ಎಂದು ನನ್ನ ಕೈಗೆ ಕೊಟ್ಟರು. ಇಷ್ಟು ವರ್ಷ ಕಲ್ಲು ಮುಟ್ಟಲೂ ಬಿಡದೆ, ಅಂಚಿನಿಂದ ಉಗುರಿನಷ್ಟು ತಾವೇ ಕೆರೆದು ಕೊಟ್ಟು ಅಳತೆ ಮಾಡಿಸುತ್ತಿದ್ದ ಮಹಾಶಯರು.

ಬಿಸಾಡಲಿಲ್ಲ.

ಮಾರ್ಚ್ 6, ಗುರುವಾರ, ಸಂಜೆ

ಲೆಕ್ಕ ಸರಳ. ಕಪ್ಪು ಕಲ್ಲಿನಲ್ಲಿ ಕಬ್ಬಿಣ, ಗಂಧಕ ಕೂಡಿದ ಹೊಳೆಯುವ ಕಣಗಳಿದ್ದರೆ ಅಂದಿನ ನೀರಿನಲ್ಲಿ ಆಮ್ಲಜನಕ ಇರಲಿಲ್ಲ ಎಂದು ಓದುತ್ತೇವೆ. ಕಣಗಳ ಬದಲು ತುಕ್ಕು ಸಿಕ್ಕರೆ — ಇತ್ತು. ಭಾವ ಅಂಚಿನಿಂದ ಕೆರೆದು ಕೊಟ್ಟದ್ದರಲ್ಲಿ ಯಾವಾಗಲೂ ತುಕ್ಕು. ಇವತ್ತು ಮುರಿದ ತುಂಡಿನ ಒಳಗಿನ ಭಾಗ ಅರೆದೆ. ಅದರಲ್ಲಿ ತುಕ್ಕು ತೀರಾ ಕಡಿಮೆ, ಕಣಗಳೇ ಹೆಚ್ಚು. ಮೆಷಿನ್ ಕೆಟ್ಟಿರಬೇಕೆಂದು ಮತ್ತೆ ಓಡಿಸಿದೆ. ಅದೇ ಉತ್ತರ.

ತಲೆ ಎತ್ತಿ ನೋಡಿದೆ. ಎದುರಿಗೆ ಪ್ರದರ್ಶನದ ಮೇಜು, ಅದರ ಮೇಲೆ ಬಾಟಲಿ. ಕೆಳಗಿನ ಪದರದ ಕಲ್ಲುಗಳು ಪೆಟ್ಟಿಗೆಯಲ್ಲಿ ಒಣಗಿಕೊಂಡು ಬಿದ್ದಿವೆ, ಅವನ್ನು ಕೇಳುವವರಿಲ್ಲ. ಇದೊಂದಕ್ಕೆ ಮಾತ್ರ ವರ್ಷಗಟ್ಟಲೆ ನೀರು, ಕಿಟಕಿಯ ಗಾಳಿ, ಮತ್ತೆ ನೀರು... ಹೊರಮೈಯ ಕಣಗಳೆಲ್ಲ ಇಲ್ಲೇ, ಈ ಮೇಜಿನ ಮೇಲೇ ತುಕ್ಕು ಹಿಡಿದಿವೆ.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಜೀವದ ಮೊದಲ ಉಸಿರಂತೆ. ಗಿಡಕ್ಕೆ ನೀರು ಹೊಡೆಯುವ ಬಾಟಲಿಯದ್ದು.

ಮಾರ್ಚ್ 7

ಹೇಳುವುದಿಲ್ಲ. ಹಾಲಿನ ಉದ್ಘಾಟನೆಯ ದಿನ ಭಾವ ವೇದಿಕೆ ಹತ್ತಲಿ, ಕೊರಳುಬ್ಬಿಸಿ ಕೂಗಲಿ. ಆಗ ಎದ್ದು ನಿಂತು ಹೇಳುತ್ತೇನೆ. ಎತ್ತರದಿಂದ ಬಿದ್ದರೇ ನೋಡಲು ಚೆಂದ. ಭಾಷಣ ಬರೆಯಲು ಶುರು ಮಾಡಿದೆ. ಮೊದಲ ವಾಕ್ಯ ಬಹಳ ಚೆನ್ನಾಗಿ ಬಂದಿದೆ.

ಮಾರ್ಚ್ 9, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಸೋಫಾ ಮೇಲೆ ಕಾಲು ಚಾಚಿಕೊಂಡು ಭಾವ ಮ್ಯೂಸಿಯಂ ಗೋಡೆಗೆ ಹಾಕುವ ಬರಹ ಓದಿ ಹೇಳಿದರು. ಹಾಲಿನ ಹೆಸರೇ "ಮೊದಲ ಉಸಿರು". ಒಂದು ಪುಟದಲ್ಲಿ ಅವರ ಹೆಸರು ಮತ್ತೆ ಮತ್ತೆ. ಅಕ್ಕನ ಹೆಸರು ಎಲ್ಲೂ ಇಲ್ಲ. ಹುಳಕ್ಕಾದರೂ ಒಂದು ಸಾಲು ಸಿಕ್ಕಿದೆ.

ತಡೆದುಕೊಳ್ಳಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕನ ಕಿವಿಯಲ್ಲಿ ಎಲ್ಲ ಉಸುರಿದೆ. ಖುಷಿಯಿಂದ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಫ್ರೀಜರ್ ತೆಗೆದಳು. ಬಟಾಣಿ ಪ್ಯಾಕೆಟ್ ಸರಿಸಿ, ಹಿಂದಿನಿಂದ ಏನೋ ಎತ್ತಿ ಕಟ್ಟೆಯ ಮೇಲಿಟ್ಟಳು. ಗಾಳಿ ತೆಗೆದು ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲ. ಒಳಗೆ ಕಪ್ಪು ಕಲ್ಲು.

ಕಲ್ಲು ಸೀಳಿದಾಗ ಎರಡು ಹೋಳಾಗುತ್ತದೆ. ಒಂದರಲ್ಲಿ ಗೆರೆ, ಇನ್ನೊಂದರಲ್ಲಿ ಅದರ ಅಚ್ಚು. ಎರಡನೆಯದು ಗುಡ್ಡದಲ್ಲೇ ಪುಡಿಯಾಯಿತು ಎಂದು ಭಾವ ಎಲ್ಲ ಕಡೆ ಹೇಳಿಕೊಂಡು ಬಂದಿದ್ದಾರೆ.

"ಪುಡಿಯಾಗಿಲ್ಲ ಕಣೇ. ಸೀಳಿದ ದಿನವೇ ಸೀಲ್ ಮಾಡಿಟ್ಟೆ. ತುಕ್ಕು ಹಿಡಿಯತ್ತೆ ಅಂತ ಅವರಿಗೂ ಹೇಳಿದ್ದೆ. ಕೇಳಲಿಲ್ಲ."

"ಇಷ್ಟು ವರ್ಷ ಬಟಾಣಿ ಹಿಂದೆ ಇಟ್ಕೊಂಡು ಕೂತಿದ್ದೀಯಲ್ಲ. ಒಂದು ಮಾತು ಹೇಳೋದಲ್ವಾ?"

"ಯಾರಾದ್ರೂ ಕೇಳ್ತಾರೆ ಅಂತ ಕಾದೆ." ಫ್ರೀಜರ್ ಬಾಗಿಲು ಮುಚ್ಚಿದಳು. "ನೀನೂ ಕೇಳಲಿಲ್ಲ."

ಆ ಮಾತು ಚುಚ್ಚಿತು. ನಾನು ಭಾವನನ್ನು ಬೈಯುವುದರಲ್ಲೇ ಮುಳುಗಿದ್ದೆ. ಅಕ್ಕನನ್ನು ಏನನ್ನಾದರೂ ಕೇಳಿದ್ದು ನೆನಪಿಲ್ಲ.

"ನೀನು ಅಳೆದು ಕೊಡು" ಅಂದಳು. "ಹೇಳೋದು ನಾನು ಹೇಳ್ತೀನಿ."

ಇವಳು? ಇವಳು ಹೇಳುವುದುಂಟಾ? ನನ್ನ ಭಾಷಣ ನಾನು ಬರೆಯುತ್ತಲೇ ಇದ್ದೇನೆ.

ಮಾರ್ಚ್ 20

ಫ್ರೀಜರ್ ಕಲ್ಲಿನ ಉತ್ತರ ಬಂತು. ಪೂರ್ತಿ ಹೊಳೆಯುವ ಕಣಗಳೇ, ತುಕ್ಕಿಲ್ಲ. ಕೆಳಗಿನ ಪದರ ಹೇಗೋ ಇದೂ ಹಾಗೇ. ಅಂದರೆ ಆಮ್ಲಜನಕ ಏರಲೇ ಇಲ್ಲ. ಇದ್ದರೂ ನಮ್ಮ ಮೆಷಿನ್ನಿಗೆ ಕಾಣದಷ್ಟು. ಅಷ್ಟರಲ್ಲೇ ಆ ಹುಳ ತೆವಳಿಕೊಂಡು ಬದುಕಿತ್ತು. ಅಕ್ಕ ಮೂಲೆಯಲ್ಲಿ ಕೂತು ಮೊದಲಿನಿಂದ ಹೇಳುತ್ತಿದ್ದದ್ದೂ ಅದೇ.

ಮಾರ್ಚ್ 22, ಶನಿವಾರ

ಅಕ್ಕ ಮನೆಯಲ್ಲೇ ಹೇಳಿದಳಂತೆ. ರಿಪೋರ್ಟ್ ತಟ್ಟೆಯ ಪಕ್ಕದಲ್ಲಿಟ್ಟು. ಭಾವ ಓದಿದರಂತೆ. ಕೂಗಾಡಲಿಲ್ಲವಂತೆ. ಕೂಗಾಡಿದ್ದರೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು.

"ಗೋಡೆಗೆ ಅಕ್ಷರ ಅಂಟಿಸಿ ಆಗಿದೆ. ಈಗೇನು ಮಾಡೋಕಾಗುತ್ತೆ? ಹೇಗೂ ನಿನ್ನ ಹುಳ ಹಾಲಿನ ನಡುಮಧ್ಯ ಬರ್ತಿದೆಯಲ್ಲ. ಧನ್ಯವಾದದ ಸಾಲಿನಲ್ಲಿ ನಿನ್ನ ಹೆಸರು ಹಾಕಿಸ್ತೀನಿ ಬಿಡು" ಅಂದರಂತೆ.

ಧನ್ಯವಾದದ ಸಾಲು. ವಿದ್ಯುತ್ ಕೆಲಸದವರು ಮತ್ತು ಬಣ್ಣದ ಅಂಗಡಿಯವರ ನಡುವೆ. ತಪ್ಪು ಮಾಡಿದ್ದು ಹೋಗಲಿ, ಎಲ್ಲರೂ ಮಾಡುತ್ತಾರೆ. ತಪ್ಪೆಂದು ಗೊತ್ತಾದ ಮೇಲೂ ಅದನ್ನೇ ಮಕ್ಕಳು ನಿಂತು ಓದುವ ಗೋಡೆಗೆ ಅಂಟಿಸುವವರನ್ನು ಏನೆನ್ನಬೇಕು? ಜಂಬದ ಕೋಳಿ ಎಂಬ ಹೆಸರನ್ನು ಹಿಂದಕ್ಕೆ ಪಡೆಯುತ್ತೇನೆ. ಕೋಳಿ ಅಷ್ಟು ಕೀಳಲ್ಲ.

ಮಾರ್ಚ್ 29, ಶನಿವಾರ

ಉದ್ಘಾಟನೆ. ಹೊಸ ಬಣ್ಣದ ವಾಸನೆ. ಭಾವನಿಗೆ ಹೊಸ ಕೋಟು. ಜೇಬಿನಲ್ಲಿ ನನ್ನ ಭಾಷಣ — ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದು, ಎಲ್ಲಿ ತಡೆದು ಎಲ್ಲಿ ಹುಬ್ಬೇರಿಸಬೇಕು ಎಲ್ಲ ಗುರುತು ಹಾಕಿಕೊಂಡು.

ಭಾವ ಗೋಡೆಯ ಮುಂದೆ ನಿಂತು ಮಾತಾಡಿದರು. ಆಮೇಲೆ ಜೇಬಿನಿಂದ ಬಾಟಲಿ ತೆಗೆದರು. ಅದೇ ಬಾಟಲಿ. ಕಲ್ಲಿನ ಮೇಲೆ ಹಿಡಿದರು.

ನಾನು ಏಳುವಷ್ಟರಲ್ಲಿ ಅಕ್ಕ ಅಲ್ಲಿದ್ದಳು. ಯಾವಾಗ ಎದ್ದು ಹೋದಳೋ ಕಾಣಲಿಲ್ಲ. ಅವರ ಕೈಯಿಂದ ಬಾಟಲಿ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ. ತೆಗೆದುಕೊಂಡಳು ಅಷ್ಟೇ.

"ಸಾಕು ಬಿಡ್ರೀ. ಇದಕ್ಕೆ ಇನ್ನು ನೀರು ಹಾಕಬೇಡಿ."

ಮ್ಯೂಸಿಯಂ ಮೇಡಂ ಯಾಕೆಂದು ಕೇಳಿದರು. ಅಕ್ಕ ಹೇಳಿದಳು. ತುಕ್ಕು, ನೀರು, ಕಿಟಕಿ, ಇನ್ನೊಂದು ಹೋಳು. ಯಾರ ಮೇಲೂ ದೂರಿಲ್ಲ. ಸ್ಲೈಡ್ ಉಜ್ಜುವಾಗಿನ ಅದೇ ದನಿ. ಭಾವ ಪಕ್ಕದಲ್ಲಿ ನಗುಮುಖ ಹೊತ್ತು ನಿಂತೇ ಇದ್ದರು, ನಗು ಇಳಿಸಲು ಜಾಗ ಸಿಗದವರಂತೆ.

"ಹಾಗಾದ್ರೆ ಇದನ್ನ ಕಂಡುಹಿಡಿದವರು ಯಾರು?" ಮೇಡಂ ಕೇಳಿದರು.

"ನಾನು" ಅಂದಳು ಅಕ್ಕ.

ನನ್ನ ಭಾಷಣ ಯಾರಿಗೂ ಬೇಕಾಗಲಿಲ್ಲ. ಜೇಬಿನಲ್ಲೇ ಹಿಡಿದು ಮುದುಡಿದೆ. ಕಣ್ಣಲ್ಲಿ ನೀರು ಬೇರೆ. ಎಲ್ಲರೆದುರು ಅಳುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇವತ್ತು ಅವರಲ್ಲಿ ನಾನೂ ಒಬ್ಬಳು.

ಮಾರ್ಚ್ 30, ಬೆಳಗ್ಗೆ

ಬಾಗಿಲು ಬಡಿದ ಸದ್ದು. ಅಕ್ಕ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಐಸ್ ಪೆಟ್ಟಿಗೆ.

"ನಿನ್ನ ಫ್ರೀಜರಲ್ಲಿ ಜಾಗ ಇದೆಯೇನೇ?"

ಬೇರೇನೂ ಹೇಳಲಿಲ್ಲ. ನಾನೂ... ಅಲ್ಲ, ಈ ಸಲ ಕೇಳಿದೆ. "ಎಷ್ಟು ದಿನ ಇರ್ತೀಯ?"

"ಗೊತ್ತಿಲ್ಲ. ಮೊದಲು ಕಲ್ಲು ಇಡು."

ಐಸ್‌ಕ್ರೀಂ ಡಬ್ಬಗಳನ್ನೆಲ್ಲ ಹೊರಗೆ ತೆಗೆದೆ. ನನ್ನದು ಹಳೇ ಫ್ರಿಜ್ಜು, ಚಿಕ್ಕ ಫ್ರೀಜರು. ಅಷ್ಟರಲ್ಲಿ ಭಾವನ ಫೋನ್. ನಾನೇ ಎತ್ತಿದೆ. ಅವಳು ಹೇಗಿದ್ದಾಳೆ ಎಂದು ಕೇಳಲಿಲ್ಲ. ಅವಳು ಇಲ್ಲಿದ್ದಾಳಾ ಎಂದೂ ಕೇಳಲಿಲ್ಲ.

"ಆ ಇನ್ನೊಂದು ಹೋಳು ಎಲ್ಲಿದೆ?"

ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂತು. ಅಕ್ಕ ಕೈ ಚಾಚಿದಳು. ಫೋನ್ ಕೊಟ್ಟೆ.

"ನನ್ನ ಹತ್ರ ಇದೆ" ಅಂದಳು. "ನನ್ನದು ಅದು." ಇಟ್ಟುಬಿಟ್ಟಳು.

ಬೇಗ ಬೇಗ ಬರೆದಿಡುತ್ತಿದ್ದೇನೆ, ಅವಳ ಮುಖ ಆಗ ಹೇಗಿತ್ತು ಎಂದರೆ — ಕರೆಯುತ್ತಿದ್ದಾಳೆ. ಕಲ್ಲಿನ ಪ್ಲಾಸ್ಟಿಕ್ ಚೀಲ ಫ್ರೀಜರಿಗೆ ಸಿಕ್ಕಿಕೊಂಡು ಹರಿಯಿತಂತೆ. ಟೇಪ್ ತಾ, ಬೇಗ ಬಾ ಅನ್ನುತ್ತಿದ್ದಾಳೆ, ಕಲ್ಲಿಗೆ ಗಾಳಿ ತಾಗುತ್ತಂತೆ —