ಬೆಣೆ ಹೊಡೆಯದ ಕೊಡಲಿ

ಮಾರ್ಚ್ 6, 1978. ಸೋಮವಾರ

ಕೆಟ್ಟ ಜೀಪಿನ ಸ್ಪ್ರಿಂಗ್ ಪಟ್ಟಿ ಕತ್ತರಿಸಿದ್ದಾಯಿತು. ತಮ್ಮ ಗುನ್ನವಾನದು ಸಮ್ಮಟ್ಟಿ, ದೊಡ್ಡ ಸುತ್ತಿಗೆ; ನನ್ನದು ಇಕ್ಕಳ. ಅವನಿಗೆ ನಲವತ್ತು ದಾಟಿದರೂ ಏಟು ಇನ್ನೂ ಪಡ್ಡೆ ಹುಡುಗನದು. ಬೇಕಾದ್ದಕ್ಕಿಂತ ಜೋರು, ಬೇಕಾದ್ದಕ್ಕಿಂತ ಬೇಗ. ಮೊದಲ ಅಲಗು ಅರ್ಧಚಂದ್ರಕ್ಕೆ ಬಂತು, ಕೊಡಲಿಯ ಹಿಂಬದಿಯ ಚೂಪು ಮುಳ್ಳು ಎಳೆಯುವಾಗ ಬಿರುಕು ಬಿಟ್ಟಿತು. ಬಿಸಾಡಿದೆ. ಎರಡನೆಯದು ಸರಿಬಂತು. ನೀರಿಗೆ ಅದ್ದಿ, ಮತ್ತೆ ಕಾಸಿ, ಒಣಹುಲ್ಲಿನ ಬಣ್ಣ ಏರಿದಾಗ ತೆಗೆದೆ. ಟೆಂಪರಿಂಗ್. ನಾನು ಓದಿದ ಬಾಗಿಯೊ ಪಟ್ಟಣದ ಕಾಲೇಜಿನಲ್ಲಿ ಇದಕ್ಕೊಂದು ಇಡೀ ಚಾಪ್ಟರ್ ಇತ್ತು — ಕಾರ್ಬನ್ ಮಾಲಿಕ್ಯೂಲೋ, ಆಟಮ್ಮೋ...

ಅಜ್ಜನ ಕಾಲದಲ್ಲಿ ಈ ಬಗೆಯ ಕೊಡಲಿ ವೈರಿಯ ತಲೆಗೆ. ಈಗ ಹಂದಿಗೆ, ಸೌದೆಗೆ, ಪಟ್ಟಣದವರ ಗೋಡೆಗೆ. ಇದು ಹೊಳೆಯಾಚೆ ಅಂಬಾಯೋನ್ ಊರಿನ ಅವಿಂಗನ್‌ಗೆ. ಮದುವೆಮನೆಯಂತೆ, ಕೋಣ ಕಡಿಯಬೇಕಂತೆ.

ಹೆಂಡತಿ ಇಪಾಯ್ ತೀರಿಹೋದಮೇಲೆ ನಾನು ಮಾಡುವ ಅನ್ನ ಒಂದೋ ಮುದ್ದೆ, ಇಲ್ಲವೋ ಅಕ್ಕಿ. ಇವತ್ತು ಅಕ್ಕಿ.

ಮಾರ್ಚ್ 8, ಬುಧ. ಸಂಜೆ

ಸರಿಯಾಗಿ ಬರೆಯಬೇಕು. ಆದದ್ದು ಆದ ಹಾಗೆ.

ಅವಿಂಗನ್ ಹೇಳಿದ್ದಕ್ಕಿಂತ ಮೊದಲೇ ಬಂದ. ಕಬ್ಬಿನ ಹೆಂಡ ತಂದಿದ್ದ. ಕೊಡಲಿಗೆ ಮರದ ಕಾವು ತೂರಿಸಿದ್ದೆ ಅಷ್ಟೆ, ಅದು ಬಿಗಿಯಾಗಲು ಬೆಣೆ ಹೊಡೆದಿರಲಿಲ್ಲ. ಗೋಡೆಗೆ ಒರಗಿಸಿಟ್ಟು ಮೂವರೂ ಕುಡಿಯಲು ಕೂತೆವು. ಗುನ್ನವಾನ ಹೆಂಡತಿ, ಮಕ್ಕಳಾಗಲಿಲ್ಲವೆಂದು ಅವನನ್ನು ಬಿಟ್ಟುಹೋದವಳು, ಈಗ ಅಂಬಾಯೋನಿನವನೊಬ್ಬನ ಜೊತೆ ಇದ್ದಾಳೆ, ಬಸುರಿ. ಅವಿಂಗನ್ ಅದನ್ನೇ ಎತ್ತಿದ.

"ಏನೋ ಗುನ್ನವಾ, ದಿನವಿಡೀ ಕಬ್ಬಿಣ ಬಡೀತೀಯ. ಮನೇಲಿ ಮಾತ್ರ ಸುತ್ತಿಗೆ ಏಳ್ಲೇ ಇಲ್ವಂತೆ?"

"ಕುಡ್ದಿದೀಯ. ಸುಮ್ನಿರು."

"ನಮ್ಮೂರ ನೀರು ಕುಡಿಸಿದ್ವಿ ನೋಡು, ಬಂದ ತಿಂಗಳಿಗೇ ಹೊಟ್ಟೆ. ಮಗೂಗೆ ನಿನ್ ಹೆಸರೇ ಇಡ್ತಾರಂತೆ, ಪಾಪ ಅಂತ."

ನಾನೂ ನಕ್ಕೆ.

ಗೋಡೆಗೆ ಒರಗಿಸಿದ್ದ ಕೊಡಲಿ ಗುನ್ನವಾನ ಕೈಯಲ್ಲಿತ್ತು. ಮೊದಲ ಏಟು ಅವಿಂಗನ್‌ನ ಕುತ್ತಿಗೆ ಬಲಭುಜಕ್ಕೆ ಸೇರುವಲ್ಲಿ. ಹಸಿ ಬಿದಿರು ಸೀಳಿದ ಸದ್ದು. ಎರಡನೆಯದಕ್ಕೆ ಎತ್ತಿದಾಗ ಅಲಗು ಕಾವಿನಿಂದ ಕಳಚಿ ಹಿಂದಕ್ಕೆ ಹಾರಿತು, ಇದ್ದಿಲ ಗುಡ್ಡೆಗೆ ಬಿತ್ತು. ಬರೀ ಕಾವು ಅವನ ಹಣೆಗೆ ಬಡಿಯಿತು. ಬೆಣೆ ಹೊಡೆದಿದ್ದರೆ ತಲೆ ಎರಡು ಹೋಳು. ರಕ್ತ ಕುಲುಮೆಯ ಬಾಯಿಗೆ ಚಿಮ್ಮಿ ಚುರ್ ಅಂದಿತು. ಗುನ್ನವಾ ಕೈಯಲ್ಲಿದ್ದ ಕೋಲು ನೋಡುತ್ತ ನಿಂತ, ಯಾರೋ ಮೋಸ ಮಾಡಿದರೆಂಬಂತೆ.

ಮಾರ್ಚ್ 9

ಅವಿಂಗನ್ ಬದುಕಿದ್ದಾನೆ. ಬಿದಿರ ತಟ್ಟಿಯ ಮೇಲೆ ಹೊಳೆ ದಾಟಿಸಿ ಕಳಿಸಿದೆವು.

ಎರಡೂ ಊರಿನ ನಡುವಿನ ಬೊದೊಂಗ್ — ಶಾಂತಿಯ ಮಾತು — ಅಪ್ಪ ಹಿಡಿದದ್ದು. ಅಪ್ಪನ ನಂತರ ನಾನು. ನಮ್ಮವನು ಅವರ ರಕ್ತ ಚೆಲ್ಲಿದರೆ ಅವನ ರಕ್ತ ಚೆಲ್ಲಬೇಕಾದವರು ಅವರಲ್ಲ, ನಾನು. ಅದಕ್ಕೇ ಮಾತು ಹಿಡಿದವನಿಗೆ ಊಟದಲ್ಲಿ ಮೊದಲ ತುಂಡು. ಮಾಡದಿದ್ದರೆ, ಅಪ್ಪ ಅವರಿಗೆ ಗುರುತಾಗಿ ಕೊಟ್ಟ ಈಟಿ ವಾಪಸು ಬರುತ್ತದೆ. ಬಂತೆಂದರೆ ಯುದ್ಧ. ನನ್ನ ಒಬ್ಬಳೇ ಮಗಳು ದಂಗುನಾಯ್ ಆ ಊರಿನ ಸೊಸೆ. ಅವಳಿಗೆ ಇಬ್ಬರು ಮಕ್ಕಳು.

ಲಾಜಿಕ್ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಮೇಜರ್ ಪ್ರಿಮೈಸ್: ತಪ್ಪಿದವನನ್ನು ಮಾತು ಹಿಡಿದವನೇ ಕಡಿಯಬೇಕು. ಮೈನರ್ ಪ್ರಿಮೈಸ್: ತಪ್ಪಿದವನು ಗುನ್ನವಾ. ಮೂರನೆಯದಕ್ಕೂ ಒಂದು ಹೆಸರಿತ್ತು. ನೆನಪಾಗುತ್ತಿಲ್ಲ.

ಮಾರ್ಚ್ 12, ಭಾನುವಾರ

ಅವರ ಕಡೆ ಮಾತು ಹಿಡಿದಿರುವ ಮುದುಕ ಬಸಿಂಗಾ ಹೊಳೆ ನಡುವಿನ ಬಂಡೆಗೆ ಬಂದ. ಎಲೆಯಡಿಕೆ ಹಂಚಿಕೊಂಡೆವು.

"ಅವಿಂಗನ್‌ದು ಬಲಗೈ ಸತ್ತೋಯ್ತು. ಜೀವ ಐತೆ," ಅಂದ. "ಕೈಗೆ ಕೈ. ಅದೇ ಕೊಡಲೀಲಿ."

"ನನ್ನ ತಮ್ಮ ಕಣಯ್ಯಾ."

"ನಂಗೊತ್ತಿಲ್ವಾ? ಅವ್ನು ಹುಟ್ಟಿದಾಗ ನಿಮ್ಮಪ್ಪ ಕೊಯ್ದ ಹಂದೀಲಿ ಕಾಲು ತಿಂದೋನು ನಾನು."

"ದಂಗುನಾಯ್?"

"ಮಕ್ಕಳ ಸಮೇತ ನಮ್ಮನೇಲೇ ಕಾಪಾಡ್ಕೊಂಡಿದೀನಿ. ಅವಿಂಗನ್ ಅಣ್ಣಂದಿರು ಈಗಾಗ್ಲೇ ಬಾಗಿಲು ತಟ್ಟಿ ಹೋದ್ರು. ನನ್ನ ಬಾಗಿಲು ತಗಡಿಂದು, ಮಾರಾಯ."

ಮಾರ್ಚ್ 14

ಇದ್ದಿಲಲ್ಲಿ ಹುಡುಕಿ ಅಲಗು ತೆಗೆದೆ. ಮುಳ್ಳಿನ ತುದಿ ಮೊಂಡಾಗಿತ್ತು. ಅರ ಹಾಕಿ ತಿದ್ದಿ, ಹೊಳೆಕಲ್ಲಿನ ಮೇಲೆ ಬಾಯಿ ಮಸೆದೆ. ಕೂದಲಿಗೆ ತಾಗಿಸಿದರೆ ಕೂದಲು ಉಳಿಯಬಾರದು. ಕಾವು ತಿರುಗುತ್ತಿತ್ತು, ಒಬ್ಬನಿಂದ ಆಗದ ಕೆಲಸ. ಗುನ್ನವಾ ತಾನಾಗಿಯೇ ಬಂದು ಹಿಡಿದುಕೊಂಡ. ಬೆಣೆ ಹೊಡೆದೆ.

"ಇನ್ನೊಂದೇಟು ಹಾಕಣ್ಣ. ಅರ್ಧಂಬರ್ಧ ಕೆಲಸ ಮಾಡಿ ಒಂದ್ಸಲ ನೋಡಾಯ್ತಲ್ಲ."

"ಬೆಟ್ಟ ಹತ್ತಿ ಓಡ್ಹೋಗೋ," ಅಂದೆ. "ನಾನು ಹುಡುಕಲ್ಲ."

"ಓಡಿದ್ರೆ ದಂಗುನಾಯ್ ಕೈ ತಗೋತಾರೆ. ಚಿಕ್ಕೋಳಿದ್ದಾಗ ತಿದಿ ಮೇಲೆ ಕೂತು ಕುಣೀತಿದ್ಲು, ಗೊತ್ತಾ?" ಬೆಣೆ ತಟ್ಟಿ ನೋಡಿ ಕೇಳಿದ: "ಎಡಗೈ ಆದ್ರೆ ನಡೆಯತ್ತಾ? ಸಮ್ಮಟ್ಟಿ ಬಲದಲ್ಲೇ ಬರೋದು."

ಮಾರ್ಚ್ 15

ನಡೆಯಲಿಲ್ಲ. ಬಲಗೈಯೇ ಬೇಕೆಂದರು.

ಕಬ್ಬಿಣ ಬಡಿಯುವ ಅಡಿಗಲ್ಲ ಮೇಲೆ ಗುನ್ನವಾ ತಾನೇ ಕೈ ಇಟ್ಟ. ಬಸಿಂಗಾ ಮತ್ತು ಅವಿಂಗನ್ ಅಣ್ಣಂದಿರು ಬಾಗಿಲಲ್ಲಿ ನಿಂತಿದ್ದರು. ಒಂದೇ ಏಟಿಗೆ ಆಗಲಿಲ್ಲ. ಅಲಗು ಚೆನ್ನಾಗಿತ್ತು, ನಾನು ಚೆನ್ನಾಗಿರಲಿಲ್ಲ. ಎರಡನೆಯದಕ್ಕೆ ಅವನೇ "ಹೂಂ, ಹೊಡಿ" ಅಂದ. ಗಾಯದ ಬಾಯಿಗೆ ಕೆಂಪಗೆ ಕಾದ ಕಬ್ಬಿಣ ನಾನೇ ಒತ್ತಿದೆ. ಆ ವಾಸನೆ...

ಅಣ್ಣಂದಿರು ಅನ್ನ ತಿಂದು ಹೋದರು. ತಿಂದರೆಂದರೆ ಒಪ್ಪಿದರು.

ಮಾರ್ಚ್ 29

ಗುನ್ನವಾ ಜ್ವರ ದಾಟಿದ. ಎಡಗೈಯಲ್ಲಿ ತಿದಿ ಒತ್ತಲು ಕಲಿಯುತ್ತಿದ್ದಾನೆ. "ನಿನ್ ಅಡುಗೆ ತಿಂದೂ ಬದುಕಿದೀನಿ, ಇನ್ನೇನೂ ಕೊಲ್ಲಲ್ಲ ನನ್ನ," ಎಂದು ನಕ್ಕ. ದಂಗುನಾಯ್ ತನ್ನ ಮನೆಗೆ ಮರಳಿದಳಂತೆ. ನಾಳೆ ಹೊಸ ಪಟ್ಟಿ ಕಾಸಬೇಕು.

ಏಪ್ರಿಲ್ 3, ಸೋಮವಾರ

ಅವಿಂಗನ್ ಸತ್ತ. ಗಾಯ ಒಳಗೊಳಗೇ ಕೊಳೆಯುತ್ತಿತ್ತಂತೆ, ಯಾರಿಗೂ ತೋರಿಸಲಿಲ್ಲವಂತೆ.

ಏಪ್ರಿಲ್ 4

ಬಸಿಂಗಾ ಮತ್ತೆ ಬಂಡೆಗೆ ಬಂದ. ಕೈಯಲ್ಲಿ ಅಪ್ಪನ ಈಟಿ, ಬಟ್ಟೆ ಸುತ್ತಿದ್ದು. ಹಿಂದೆ ಆಚೆ ದಡದಲ್ಲಿ ದಂಗುನಾಯ್, ಚಿಕ್ಕದು ಸೊಂಟದಲ್ಲಿ, ದೊಡ್ಡದರ ಕೈ ಹಿಡಿದುಕೊಂಡು. ಅವಿಂಗನ್ ಅಣ್ಣಂದಿರು ಅವಳ ಎರಡೂ ಬದಿಗೆ. ಅವಳು ನನ್ನನ್ನು ಕರೆಯಲಿಲ್ಲ.

"ಕೈ ಕೊಟ್ಟಾಯ್ತಲ್ಲ," ಅಂದೆ.

"ಆಗ ಕೈ ಹೋಗಿತ್ತು. ಈಗ ಜೀವ ಹೋಯ್ತು." ಮುದುಕನ ಕಣ್ಣಲ್ಲಿ ನೀರಿತ್ತು. "ನಾಳೆ ಹೊತ್ತು ಮುಳುಗೋವರೆಗೆ ಈಟಿ ನನ್ನ ಹತ್ರ ಇರ್ತದೆ. ಆಮೇಲೆ ನಾನು ಹಿಡಿದ್ರೂ ನಿಲ್ಲಲ್ಲ."

ಏಪ್ರಿಲ್ 5. ಮಧ್ಯಾಹ್ನ

ಈಗ ಜೀವವೇ ಬೇಕಂತೆ ಎಂದು ಗುನ್ನವಾನಿಗೆ ನಾನು ಹೇಳಲಿಲ್ಲ. ಊರವರೇ ಹೇಳಿದ್ದಾರೆ.

ಗುನ್ನವಾ ಬೆಳಿಗ್ಗೆ ಹೊಳೆಗೆ ಹೋಗಿ ಮಿಂದು ಬಂದ, ಹಬ್ಬದ ಪಟ್ಟೆ ಬಟ್ಟೆ ಸುತ್ತಿಕೊಂಡ. ಅನ್ನ ಅವನೇ ಮಾಡಿದ. ಮುದ್ದೆಯೂ ಅಲ್ಲ, ಅಕ್ಕಿಯೂ ಅಲ್ಲ. ಇಬ್ಬರೂ ತಿಂದೆವು.

"ಕೊಡಲಿ ಬೇರೆ ಯಾರ ಕೈಗೂ ಕೊಡ್ಬೇಡ. ನಮ್ಮೂರಲ್ಲಿ ಒಬ್ಬನಿಗೂ ಗುರಿ ಇಲ್ಲ," ಅಂದ.

"ಈಟಿ ಬರ್ಲಿ ಬಿಡೋ. ಯುದ್ಧ ಆಗ್ಲಿ."

"ಆ ಮಕ್ಕಳು ದಡದಲ್ಲಿ ನಿಂತಿದ್ದು ನಾನೂ ನೋಡಿದೀನಿ, ಅಣ್ಣ."

ಬರೆಯುವ ಕೆಲಸ ಇದೆ ಎಂದು ಒಳಗೆ ಬಂದೆ. ಕೊಡಲಿ ಪಕ್ಕದಲ್ಲಿದೆ. ಇಲ್ಲಿಂದ ಕುಲುಮೆ ಕಾಣುತ್ತದೆ. ತಿದಿ ನಿಂತಿದೆ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಾನೆ, ಕುತ್ತಿಗೆ ಮೇಲಿನ ಕೂದಲು ಎಡಗೈಯಲ್ಲಿ ಒಂದು ಬದಿಗೆ ಸರಿಸಿಕೊಂಡು. ಏನೋ ಗುನುಗುತ್ತಿದ್ದಾನೆ, ನನ್ನ ಹೆಜ್ಜೆ ಕೇಳಿಸದಿರಲಿ ಎಂದೇ ಇರಬೇಕು. ಬಿಸಿಲು ಆಗಲೇ ಹೊಸ್ತಿಲು ದಾಟಿ

ಎದ್ದೆ. ಅವನು ತಿರುಗಿ ನೋಡುವ ಮೊದಲು