ತಲೆಕೆಳಗಾಗಿ ನೆಟ್ಟ ನಿಂಬೆಹುಲ್ಲು

ಬ್ಯಾಂಕಾಕ್, ಸಾತೋರ್ನ್ ರಸ್ತೆ,
ನಲವತ್ತೇಳನೆಯ ಮಹಡಿಯ ತಾರಸಿ,
ಗುರುವಾರ, ಸೆಪ್ಟೆಂಬರ್ 12, ಬುದ್ಧವರ್ಷ 2567

ಮಗಳೇ ಚಬಾ,

ಊಟ ಆಯಿತೇ? ಆಗಿರದಿದ್ದರೆ ಈ ಕಾಗದ ಮಡಚಿಟ್ಟು ಮೊದಲು ಉಂಡು ಬಾ. ಎರಡು ವರ್ಷ ಬರೆಯದೆ ಉಳಿದ ಕಾಗದ, ಇನ್ನೊಂದು ತಟ್ಟೆ ಅನ್ನದಷ್ಟು ಹೊತ್ತು ಕಾದೀತು. ಮೊಣಕಾಲಿನ ನೋವು ಹೇಗಿದೆ? ಲಿಫ್ಟಿನ ಬಾಗಿಲಲ್ಲಿ ದಿನಕ್ಕೆ ಏಳು ಗಂಟೆ ಆ ಎತ್ತರದ ಚಪ್ಪಲಿ ಮೆಟ್ಟಿಕೊಂಡು, ಬಂದವರಿಗೆಲ್ಲ ಕೈಮುಗಿದು ತಂದುಕೊಂಡ ನೋವು ಅದು. ರನೋಂಗಿನ ಬಿಸಿನೀರಿನ ಬುಗ್ಗೆಯಲ್ಲಿ ಸಂಜೆ ಕಾಲು ಇಳಿಬಿಟ್ಟು ಕೂರುತ್ತೀಯೆಂದು ನಿನ್ನ ಅಮ್ಮ ಹೇಳಿದಳು. ಬಿಡಬೇಡ, ಕೂರು. ನನ್ನ ಮಟ್ಟಿಗೆ ರಕ್ತದೊತ್ತಡವೊಂದು ಬಿಟ್ಟರೆ ಮೇಲೇರಿದ್ದು ಬೇರೇನೂ ಇಲ್ಲ. ನಿನ್ನ ಅಮ್ಮ ಲಮೈ ಎಂದಿನಂತೆ ದೋಣಿಗಟ್ಟೆಯಲ್ಲಿ ಸುಟ್ಟ ಬಾಳೆಹಣ್ಣು ಮಾರುತ್ತಾಳೆ, ಎಂದಿನಂತೆ ಸುಟ್ಟ ಮುಖ ನನಗೆ ತೋರಿಸುತ್ತಾಳೆ. ಭಾನುವಾರ ನಿನ್ನ ಜೊತೆ ಮಾತಾಡಿದ ದಿನ ಮಾತ್ರ ಮುಖದ ಮೇಲೆ ಸ್ವಲ್ಪ ಬೆಳಕಿರುತ್ತದೆ. ಆ ಹೊತ್ತಿನಲ್ಲಿ ನಾನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಕಾಲುಗುರು ಕತ್ತರಿಸುತ್ತೇನೆ. ಎರಡು ವರ್ಷದಲ್ಲಿ ನನ್ನಷ್ಟು ಚೊಕ್ಕ ಉಗುರಿನ ಅಡುಗೆಯವ ಈ ಊರಿನಲ್ಲಿ ಇನ್ನೊಬ್ಬನಿಲ್ಲ. ನನ್ನ ನಂಬರು ನಿನ್ನ ಫೋನಿನಲ್ಲಿ ಒಳಗೆ ಬರುವುದಿಲ್ಲ, ಗೊತ್ತು. ಅಂಚೆಯವನನ್ನು ನೀನು ಹಾಗೆ ತಡೆಯಲಾರೆ ಎಂದು ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ಮೂರು ಗಂಟೆ. ಇನ್ನೂ ಬಾಗಿಲು ತೆರೆದಿಲ್ಲ. ನಿನಗೆ ಇಷ್ಟವಾದ ಮೂಲೆಯಲ್ಲಿ, ದೇವಗಣಗಿಲೆಯ ದೊಡ್ಡ ಕುಂಡದ ಪಕ್ಕದಲ್ಲಿ, ಹಳೆಯ ತಿಂಡಿಪಟ್ಟಿಯ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ಪಟ್ಟಿ ಇನ್ನು ಬೇಕಾಗಿಲ್ಲ. ಈ ತಿಂಗಳ ಕೊನೆಗೆ ನಮ್ಮ ತಾರಸಿ ಹೋಟೆಲು ಮುಚ್ಚುತ್ತದೆ. ಎದುರಿನ ಕಟ್ಟಡ ನೀನಿದ್ದಾಗ ಮೂವತ್ತನೆಯ ಮಹಡಿಯಲ್ಲಿತ್ತು, ಈಗ ಅರವತ್ತೊಂದು. ಕಟ್ಟಡ ಎದ್ದಿತು, ನಮ್ಮ ಹೊಳೆ ಬಿದ್ದಿತು. ಹೊಳೆಯ ತಿರುವು, ಆಚೆ ದಂಡೆಯ ಗೋಪುರ, ಸಂಜೆ ಒಂದೊಂದಾಗಿ ಹತ್ತುವ ದೋಣಿಯ ದೀಪ, ಎಲ್ಲ ಅದರ ಬೆನ್ನಿನ ಹಿಂದೆ. ಈಗ ನಮ್ಮ ಅತಿಥಿಗಳು ಗಾಜಿನ ಗೋಡೆಯಲ್ಲಿ ತಮ್ಮದೇ ಮುಖ ನೋಡಿಕೊಂಡು ಕುಡಿಯುತ್ತಾರೆ. ಸಾಲದ್ದಕ್ಕೆ ಅದರ ತಲೆಯ ಮೇಲೂ ಒಂದು ಬಾರು ತೆರೆದಿದೆ. ಅಲ್ಲಿಯವರು ಬಗ್ಗಿ ನಮ್ಮ ಬೋಳು ತಾರಸಿ ನೋಡುತ್ತಾರೆ. ಇಪ್ಪತ್ತು ವರ್ಷ ನಾವು ಊರನ್ನು ಮೇಲಿನಿಂದ ನೋಡಿದೆವು, ಈಗ ನಮ್ಮನ್ನೂ ಮೇಲಿನಿಂದ ನೋಡುವವರು ಬಂದರು. ನಿನ್ನ ಯಜಮಾನಿಯಾಗಿದ್ದ ವಿಪಾ ಅಕ್ಕ ಮುಂದಿನ ತಿಂಗಳಿಂದ ಅಲ್ಲಿಗೇ ಹೋಗುತ್ತಾಳೆ. "ಬಾ ಪ್ರಯೂನ್, ಅಲ್ಲಿ ಹೊಳೆ ಕಾಣ್ಸುತ್ತೆ ಕಣಯ್ಯ" ಎಂದು ನನ್ನನ್ನೂ ಕರೆದಳು. ಅಡುಗೆಮನೆಯ ಕಿಟಕಿ ಹೊಳೆಯ ಕಡೆಗಾ ಎಂದು ಕೇಳಿದೆ. ಅಲ್ಲವಂತೆ. ಮತ್ತೆ ನನಗೇನು.

ಈ ಕುಂಡವನ್ನು ಮನೆಗೆ ಒಯ್ಯಲು ಕೇಳಿಕೊಂಡಿದ್ದೇನೆ. ಕೊಟ್ಟಿದ್ದಾರೆ. ಲಿಫ್ಟಿಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ಇದರ ಮಣ್ಣಿನಲ್ಲೇ ಅಲ್ಲವೇ ನೀನು ದಿನಾ ನಾಲ್ಕು ಗಂಟೆಗೆ ಮೂರು ಕಡ್ಡಿ ನಿಂಬೆಹುಲ್ಲು ನೆಡುತ್ತಿದ್ದದ್ದು. ನಿನ್ನ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಹತ್ತೊಂಬತ್ತು ವರ್ಷದವಳನ್ನು ನಾನೇ ಕರೆತಂದು ನಿಲ್ಲಿಸಿದೆ. ವಿಪಾ ಅಕ್ಕ ನಿನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಕೊನೇ ಮಗಳಾ? ಮದುವೆ ಇಲ್ಲ, ಹುಡುಗ ಇಲ್ಲ ತಾನೆ? ಹಾಗಾದ್ರೆ ಲಿಫ್ಟಿನ ಕೆಲಸ ಆಮೇಲೆ, ಮೊದಲು ಈ ಹುಲ್ಲು ಹಿಡಿ. ಹುಡುಗನ ಗಾಳಿ ಸೋಕದವಳು ತಲೆಕೆಳಗು ನೆಟ್ರೆ ಮೋಡ ಹೆದರಿ ಓಡುತ್ತೆ ಕಣಮ್ಮ" ಎಂದಳು. ನೀನು ನಾಚಿ ನನ್ನ ಕಡೆ ನೋಡಿದೆ. ನಾನು ಎದೆಯುಬ್ಬಿಸಿ ನಿಂತಿದ್ದೆ. ಚಾವಣಿಯಿಲ್ಲದ ಹೋಟೆಲಿನಲ್ಲಿ ಮಳೆ ತಡೆಯುವ ಕೈಗಿಂತ ದೊಡ್ಡ ಹುದ್ದೆ ಯಾವುದಿದೆ. ನೆಡುವಾಗ ಹೇಳಲೆಂದು ನಾನೇ ಒಂದು ಸಾಲು ಕಟ್ಟಿಕೊಟ್ಟೆ: ಬೇರು ಮೇಲೆ, ತಲೆ ಕೆಳಗೆ, ಮೋಡವೇ ಹೋಗು ಹೊಳೆಯಾಚೆಗೆ. "ಅಪ್ಪಾ, ನಿನ್ನ ಪ್ರಾಸ ಕೇಳಿಯೇ ಅದು ಓಡತ್ತೆ, ಹುಲ್ಲು ದಂಡ" ಎಂದು ನೀನು ಕಿವಿ ಮುಚ್ಚಿಕೊಂಡೆ. ಆದರೂ ದಿನಾ ಅದನ್ನೇ ಹೇಳುತ್ತಿದ್ದೆ, ತುಟಿ ಅಲ್ಲಾಡುವುದನ್ನು ಅಡುಗೆಮನೆಯ ಬಾಗಿಲಿಂದ ನೋಡಿದ್ದೇನೆ.

ಒಂದು ಇಡೀ ಮಳೆಗಾಲ ನಿನ್ನ ಕೈ ಸೋಲಲಿಲ್ಲ. ಆಚೆ ದಂಡೆಯಲ್ಲಿ ಧೋ ಎನ್ನುತ್ತಿದ್ದರೂ ನಮ್ಮಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಎಲ್ಲರೂ ನಿನ್ನನ್ನು ಮೋಡದ ಮೇಡಂ ಎಂದರು. ಬಾರಿನ ಹಿಂದೆ ನಿಲ್ಲುತ್ತಿದ್ದ ಜಕ್ ನಿನಗೆ ದಿನಾ ಮಾವಿನಹಣ್ಣಿನ ಜೊತೆ ಅಂಟಕ್ಕಿಯ ಅನ್ನ ತೆಗೆದಿಡುತ್ತಿದ್ದ. "ಮೇಡಂ, ನನ್ನ ಹಳ್ಳಿಗೆ ಬರಬೇಡಿ ಆಯ್ತಾ, ಅಲ್ಲಿ ಭತ್ತ ಒಣಗಿಹೋದಾವು" ಎಂದು ಕೈಮುಗಿಯುತ್ತಿದ್ದ.

ಆ ಶನಿವಾರದ ವಿಷಯ ಬರೆಯದೆ ಬೇರೆ ಸುದ್ದಿ ಬರೆದು ಕಾಗದ ತುಂಬಿಸಬಹುದೆಂದು ಆಗಿನಿಂದ ನೋಡುತ್ತಿದ್ದೇನೆ. ಆಗುತ್ತಿಲ್ಲ. ಚಿನ್ನದಂಗಡಿಯವರ ಮಗಳ ನಿಶ್ಚಿತಾರ್ಥ, ತಾರಸಿಯ ತುಂಬ ಜನ, ಬಿಳಿ ಬಟ್ಟೆ ಹೊದ್ದ ಮೇಜುಗಳು, ಐದು ಅಂತಸ್ತಿನ ಕೇಕು. ಆರು ಗಂಟೆಗೆ ಬಂದ ಮಳೆ ಹೊಳೆಯಾಚೆಯದಲ್ಲ, ನೇರ ನಮ್ಮ ತಲೆಯ ಮೇಲಿನದು. ನಾಲ್ಕೇ ನಿಮಿಷದಲ್ಲಿ ಕೇಕು ಗಂಜಿಯಾಯಿತು. ಮದುಮಗಳ ಅಜ್ಜಿಯನ್ನು ಕುರ್ಚಿ ಸಮೇತ ಒಳಗೆ ಹೊತ್ತು ತಂದರು. ಅತಿಥಿಗಳು ಇಳಿದು ಹೋದ ಮೇಲೆ ನಾವೆಲ್ಲ ಒದ್ದೆಯಾಗಿ ಒಳಗಿನ ಅಂಕಣದಲ್ಲಿ ನಿಂತಿದ್ದೆವು. ವಿಪಾ ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವಳು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನಗುತ್ತಲೇ ಕೇಳಿದಳು: "ಏನಮ್ಮ ಚಬಾ, ಹುಲ್ಲು ಕೈ ಕೊಡ್ತಲ್ಲ. ಯಾರೇ ಅವನು?" ಜಕ್ ಎರಡೂ ಕೈ ಎತ್ತಿ, "ನಾನಂತೂ ಅಲ್ಲಪ್ಪ, ನನ್ನ ಕೈಯಲ್ಲಿ ಯಾವಾಗ್ಲೂ ಗ್ಲಾಸಿರತ್ತೆ" ಎಂದ. "ಹೆಸರು ಹೇಳೇ, ಅವನ ಕೈಲೇ ನೆಲ ಒರೆಸೋಣ" ಎಂದರು ಯಾರೋ. ಎಲ್ಲರೂ ನಕ್ಕರು. ಕೇಕಿನ ಸಂಕಟವನ್ನು ಎಲ್ಲಾದರೂ ಇಳಿಸಬೇಕಿತ್ತು, ನಿನ್ನ ಮೇಲೆ ಇಳಿಸಿದರು.

ನೀನು ಅಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಅಪ್ಪಾ, ನೀನಾದ್ರೂ ಹೇಳು" ಎಂದೆ. ಅಷ್ಟು ಜನರ ಕಣ್ಣು ನನ್ನ ಮೇಲೆ ಬಿತ್ತು. ಆಗ ನನ್ನ ಹಾಳು ಬಾಯಿ, ಬೇಡದಿದ್ದಾಗ ಬರುವ ಬಾಯಿ, "ಹುಲ್ಲಿಗೆ ಗೊತ್ತು, ಅಪ್ಪನಿಗೇನು ಗೊತ್ತು" ಎಂದಿತು. ನಗು ಇಮ್ಮಡಿಯಾಯಿತು. ನೀನು ಬಗ್ಗಿ ಆ ಎತ್ತರದ ಚಪ್ಪಲಿ ಬಿಚ್ಚಿ, ಜೋಡಿಸಿ, ಲಿಫ್ಟಿನ ಬಾಗಿಲ ಪಕ್ಕ ಇಟ್ಟೆ. ಬರಿಗಾಲಲ್ಲಿ ಒಳಗೆ ಹೋದೆ. ಬಾಗಿಲು ಮುಚ್ಚುವಾಗಲೂ ಅಭ್ಯಾಸಬಲದಿಂದ ಎಲ್ಲರಿಗೂ ಕೈಮುಗಿದೆ. ಮಾರನೆಯ ಬೆಳಿಗ್ಗೆ ನೀನು ದಕ್ಷಿಣದ ಬಸ್ಸು ಹತ್ತಿದೆ ಎಂದು ಅಮ್ಮ ಹೇಳಿದಳು. ಇಡೀ ದೇಶದಲ್ಲಿ ಹುಡುಕಿ ಹುಡುಕಿ, ವರ್ಷಕ್ಕೆ ಎಂಟು ತಿಂಗಳು ಮಳೆ ಹೊಡೆಯುವ ರನೋಂಗಿಗೇ ಹೋಗಿ ಸೇರಿದೆ. ಅಲ್ಲಿ ಯಾರೂ ಮಳೆ ನಿಲ್ಲಿಸು ಎನ್ನುವುದಿಲ್ಲವಲ್ಲ, ಅದಕ್ಕೇ ಇರಬೇಕು. ನಿನ್ನ ನಂತರ ಇಲ್ಲಿ ಯಾರೂ ಹುಲ್ಲು ನೆಟ್ಟಿಲ್ಲ. ವಿಪಾ ಅಕ್ಕ ಫೋನಿನಲ್ಲಿ ಮಳೆಯ ನಕಾಶೆ ನೋಡುತ್ತಾಳೆ. ವಾರಕ್ಕೆರಡು ಸಲ ಅದು ತಪ್ಪು ಹೇಳುತ್ತದೆ. ಅದರ ನಡತೆಯನ್ನು ಯಾರೂ ಪ್ರಶ್ನಿಸಿಲ್ಲ.

ಹೋದ ಭಾನುವಾರ ನಿನ್ನ ಅಮ್ಮ ಮಾತು ಮುಗಿಸಿ ಬಂದಾಗ ಮುಖದಲ್ಲಿ ಆ ಸ್ವಲ್ಪ ಬೆಳಕೂ ಇರಲಿಲ್ಲ. ನಾನೇ ಕೇಳಿದ ಮೇಲೆ ಹೇಳಿದಳು. ದ್ವೀಪಗಳಿಗೆ ದೋಣಿ ಓಡಿಸುವ ಕೋಮಿನ್ ಎನ್ನುವ ಹುಡುಗ ನಿನ್ನನ್ನು ಮದುವೆಗೆ ಕೇಳಿದ್ದಾನಂತೆ, ನಿನಗೂ ಒಪ್ಪಿಗೆಯಂತೆ. ಅವನ ಅಮ್ಮ ವೀಳ್ಯದ ತಟ್ಟೆ ತರಲು ದಿನ ನೋಡಿದ್ದವಳು ಈಗ ಹಿಂದೆ ಸರಿದಳಂತೆ. ಜಕ್ ಈಗ ರನೋಂಗಿನ ಹೋಟೆಲೊಂದರಲ್ಲಿದ್ದಾನೆ. ಕೋಮಿನನ ಗೆಳೆಯರ ನಡುವೆ ಕೂತು, ನಗಿಸಲೆಂದು, ಮೋಡದ ಮೇಡಂ ಕಥೆ ಹೇಳಿದನಂತೆ. ಜಕ್ ಕೆಟ್ಟವನಲ್ಲ, ಬಾಯಿಗೆ ಬಾಗಿಲಿಲ್ಲ ಅಷ್ಟೆ. ಕಥೆ ದೋಣಿಯಿಂದ ದೋಣಿಗೆ ದಾಟಿ ಆ ತಾಯಿಯ ಕಿವಿ ಸೇರಿದೆ. ಹುಲ್ಲಿಗೆ ಗೊತ್ತು ಎಂದ ನನ್ನ ಪ್ರಾಸವೂ ಜೊತೆಗೆ ಸೇರಿದೆ. "ಹೆತ್ತ ಅಪ್ಪನೇ ಹಾಗಂದಮೇಲೆ ಸುಮ್ನೆ ಅಂದಿರ್ತಾನಾ" ಎಂದಳಂತೆ. ಮಳೆಗಾಲದ ವ್ರತ ಮುಗಿದು ಭಿಕ್ಷುಗಳು ವಿಹಾರದಿಂದ ಹೊರಡಲಿ, ಆಮೇಲೆ ನೋಡೋಣ ಎಂದು ಹೇಳಿ ಕಳಿಸಿದ್ದಾಳೆ. ಅಂದರೆ ಇನ್ನು ಐದು ವಾರ.

ಆ ತಾಯಿಯ ಮಾತಿಗಿಂತ, ನೀನು ನಿನ್ನ ಅಮ್ಮನನ್ನು ಕೇಳಿದ ಮಾತು ನನ್ನ ಎದೆಯಲ್ಲಿ ಕೂತಿದೆ. "ಅಮ್ಮಾ, ನಾನು ಮೂರರಲ್ಲಿ ಒಂದನ್ನ ನೆಟ್ಟಗೆ ನೆಟ್ಟುಬಿಟ್ಟಿದ್ನೇನೋ. ಅವಸರದಲ್ಲಿ ತಲೆ ಮೇಲಾಗೇ ಸಿಕ್ಕಿಸಿದ್ನೇನೋ. ಎಷ್ಟು ನೆನಪು ಮಾಡ್ಕೊಂಡ್ರೂ ಆ ದಿನದ್ದು ನೆನಪಾಗ್ತಿಲ್ಲ" ಎಂದೆಯಂತೆ. ಎರಡು ವರ್ಷದಿಂದ ನೀನು ಇದನ್ನು ಲೆಕ್ಕ ಹಾಕುತ್ತಿದ್ದೀಯೆಂದು ನನಗೆ ಗೊತ್ತಿರಲಿಲ್ಲ, ಚಬಾ. ಮರೆತಿರುತ್ತೀ ಎಂದುಕೊಂಡಿದ್ದೆ. ನಾನು ಹಾಗೆ ಅಂದುಕೊಂಡರೆ ನನಗೆ ಅನುಕೂಲವಿತ್ತು.

ನಾಲ್ಕು ಗಂಟೆಯಾಗುತ್ತಿದೆ. ವಿಪಾ ಅಕ್ಕ ದೀಪ ಹಚ್ಚಿಸುತ್ತಿದ್ದಾಳೆ. ತಾರಸಿಯ ಪುಟ್ಟ ಗುಡಿಯ ಮುಂದೆ ಇವತ್ತೂ ಕೆಂಪು ಶರಬತ್ತು ಇಟ್ಟಿದ್ದಾರೆ. ಮುಚ್ಚುವ ಸುದ್ದಿ ದೇವರಿಗೆ ಇನ್ನೂ ಯಾರೂ ಹೇಳಿಲ್ಲ. ಕೋಮಿನನನ್ನು ನಾನು ನೋಡಿಲ್ಲ, ಆದರೆ ನಿನ್ನ ಅಮ್ಮನಿಗೆ ಅವನ ದನಿ ಹಿಡಿಸಿದೆ. ಅವನಿಗೆ ನನ್ನ ಆಶೀರ್ವಾದ ಹೇಳು. ಆ ತಾಯಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ನೋವು ಬಾರದಿರಲಿ, ಬಾಳಿಗೂ ಬಾರದಿರಲಿ. ನೋಡು, ಬಿಡು ಎಂದರೂ ಈ ಬಾಯಿ ಪ್ರಾಸ ಬಿಡುವುದಿಲ್ಲ. ನೀನು ಕಿವಿ ಮುಚ್ಚಿಕೊಂಡರೂ ಸರಿ, ಒಮ್ಮೆ ಎದುರಿಗೆ ಕೂತು ಮುಚ್ಚಿಕೊಂಡರೆ ಸಾಕು.

ನಿನ್ನ ಅಪ್ಪ,
ಪ್ರಯೂನ್

ಮರೆತ ಮಾತು: ಮರೆತಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ, ಅದಕ್ಕೇ ಅಂಚು ಹರಿದಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಒಲೆ ಹಚ್ಚಿದ್ದಾರೆ. ಆ ಶನಿವಾರ ಐದು ಗಂಟೆಗೆ ಸೀಗಡಿ ಸಾರಿಗೆ ನಿಂಬೆಹುಲ್ಲು ಮುಗಿದುಹೋಯಿತು. ಸಂತೆಯಿಂದ ಬರಬೇಕಾದ ಕಟ್ಟು ದಾರಿಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಿತ್ತು. ನಾನು ಹೊರಗೆ ಬಂದು ನೀನು ನೆಟ್ಟ ಮೂರನ್ನೂ ಕಿತ್ತು ಒಯ್ದೆ. ಕಟ್ಟು ಬಂದ ಕೂಡಲೇ ನಾನೇ ನೆಟ್ಟರಾಯಿತು ಎಂದುಕೊಂಡೆ. ಕಟ್ಟು ಬರುವ ಮೊದಲು ಮಳೆ ಬಂತು. ನೀನು ನನ್ನನ್ನು ಕೇಳಿದಾಗ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ, ವಾಸನೆ ಇನ್ನೂ ಇತ್ತು. ಎಲ್ಲರೂ ಹೋದ ಮೇಲೆ ಕುಂಡದ ತೂತುಗಳನ್ನು ಕಾಲಿನಿಂದ ಮುಚ್ಚಿದೆ. ನಿನ್ನ ಅಮ್ಮನಿಗೂ ಹೇಳಿಲ್ಲ, ಇವತ್ತು ಹೋಗಿ ಹೇಳುತ್ತೇನೆ. ಈ ಹಾಳೆಯನ್ನು ಕೋಮಿನನ ತಾಯಿಗೆ ಓದಿ ತೋರಿಸು, ನಂಬದಿದ್ದರೆ ನಾನೇ ಬಂದು ಅವಳ ಮುಂದೆ ಹೇಳುತ್ತೇನೆ. ನಿನಗೆ ನನ್ನ ಮುಖ ನೋಡುವುದು ಬೇಡವಾದರೆ ಅವಳ ಮನೆಯಿಂದಲೇ ತಿರುಗಿ ಬಸ್ಸು ಹತ್ತುತ್ತೇನೆ. ಆದರೆ ನೀನು ಲೆಕ್ಕ ಹಾಕುವುದನ್ನು ಇವತ್ತಿಗೆ ನಿಲ್ಲಿಸು. ಮೂರೂ ತಲೆಕೆಳಗಾಗಿಯೇ ಇದ್ದವು. ನೀನು ಆಳವಾಗಿ ನೆಟ್ಟಿದ್ದೆ, ಮಗಳೇ. ಕೀಳುವಾಗ ನನಗೆ ಎರಡೂ ಕೈ ಬೇಕಾದವು.