ಬಾಗಿಲು ಬಡಿಯುವ ಚುಕ್ಕೆ

ದೊಡ್ಡಮ್ಮ, ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡೇ ಓದು.

ಇಲ್ಲಿಯ ಹೊಳೆಯನ್ನು ಕಂಪ್ಯೂಟರಿನೊಳಗೆ ಉಕ್ಕಿಸಿ, ದಡದ ಜನ ಏನು ಮಾಡುತ್ತಾರೆಂದು ನೋಡುವುದೇ ನನ್ನ ಕೆಲಸ. ಪರದೆಯ ಮೇಲೆ ಮನೆಗೊಂದು ಚುಕ್ಕೆ. ನೀರು ಏರಿದ್ದೇ ತಡ, ಚುಕ್ಕೆಗಳು ಗುಡ್ಡಕ್ಕೆ ಓಡುತ್ತಿದ್ದವು. ಆದರೂ ಸುದ್ದಿ ತಿಳಿಯದ ಹನ್ನೊಂದು ಪ್ರತಿ ಸಲವೂ ಮುಳುಗುತ್ತಿದ್ದವು. ನಿನ್ನೆ ದೋಣಿ ನಡೆಸುವ ಅಜ್ಜ ಬಂದು ನೋಡಿ, "ಇದೇನಮ್ಮಾ, ನಿಮ್ಮ ಕಂಪ್ಯೂಟರ್ ಊರಲ್ಲಿ ಯಾರೂ ಪಕ್ಕದ ಮನೆ ಬಾಗಿಲು ಬಡಿಯಲ್ವಾ?" ಎಂದರು. ಓಡುವ ಮೊದಲು ಬಾಗಿಲು ಬಡಿಯಬೇಕೆಂದು ನಿಯಮ ಸೇರಿಸಿದೆ. ಎಲ್ಲರೂ ತುಸು ತಡವಾಗಿ ಹೊರಟರು, ಒಬ್ಬರೂ ಮುಳುಗಲಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ಮೊದಲು ಎದ್ದು ಬೀದಿಯನ್ನೆಲ್ಲ ಎಬ್ಬಿಸುವ ಚುಕ್ಕೆಗೆ ನಿನ್ನ ಹೆಸರಿಟ್ಟಿದ್ದೇನೆ. ಅದು ಎಲ್ಲರಿಗಿಂತ ಕೊನೆಗೆ ಗುಡ್ಡ ಹತ್ತುತ್ತದೆ, ಆದರೆ ಹತ್ತಿಯೇ ಹತ್ತುತ್ತದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಪುಟ್ಟಿ